ರೈಲನ್ನೋಡಿಸಿದ ವೈದ್ಯರು

ಶರಶಯ್ಯೆಯ ಮೇಲೆ ಮಲಗಿದ್ದ ಭೀಷ್ಮನ ಬಳಿಗೆ ದುರ್ಯೋಧನನು ಶಸ್ತ್ರವೈದ್ಯರನ್ನು ಕರೆತಂದನೆಂದು ವ್ಯಾಸಭಾರತವು ಹೇಳುತ್ತದೆ. ಭೀಷ್ಮನು ಅವರಿಗೆ ಸನ್ಮಾನ ಮಾಡಿಸಿ ಹಿಂದಕ್ಕೆ ಕಳುಹಿಸಿಬಿಟ್ಟನು. ಇಚ್ಛಾಮರಣಿಗೆ ಅದು ಸಲ್ಲುವ ಮಾತು; ಸಾಮಾನ್ಯ ಸೈನಿಕನಿಗಲ್ಲ. ಗುಂಡೇಟು ತಿಂದು ಬಿದ್ದವನ ಅಳಿವು ಉಳಿವು ಮೊದಲ ಕೆಲವು ಗಂಟೆಗಳಲ್ಲೇ ತೀರ್ಮಾನವಾಗುತ್ತದೆ. ಅವನು ಆಸ್ಪತ್ರೆಯನ್ನು ಹುಡುಕಿಕೊಂಡು ಬರಲಾರ. ಆಸ್ಪತ್ರೆಯೇ ಅವನಿದ್ದಲ್ಲಿಗೆ ಹೋಗಬೇಕು.

ಹಾಗೆ ಹೋದವರಲ್ಲಿ ನಮ್ಮ ಸೇನೆಯ 60ನೆಯ ಪ್ಯಾರಾಚೂಟ್ ಫೀಲ್ಡ್ ಆ್ಯಂಬುಲೆನ್ಸ್ ಒಂದು. ಆ್ಯಂಬುಲೆನ್ಸ್ ಎಂದೊಡನೆ ವಾಚಕರು ಬೀದಿಯಲ್ಲಿ ಕೂಗುತ್ತ ಓಡುವ ಬಿಳಿಯ ಬಂಡಿಯನ್ನು ನೆನೆಯಬಾರದು. ಸೈನ್ಯದ ಮಾತಿನಲ್ಲಿ ಅದು ಶಸ್ತ್ರವೈದ್ಯರು, ಅರಿವಳಿಕೆ ಕೊಡುವವರು, ಶುಶ್ರೂಷಕರು, ಗಾಯಾಳುಗಳನ್ನು ಹೊರುವವರು ಎಲ್ಲರೂ ಕೂಡಿದ ಒಂದು ತಂಡ; ಹೊತ್ತುಕೊಂಡು ಹೋಗಬಹುದಾದ ಆಸ್ಪತ್ರೆ. 1950ರಲ್ಲಿ ಕೊರಿಯದಲ್ಲಿ ಯುದ್ಧ ಹತ್ತಿಕೊಂಡಾಗ ಭಾರತವು ಕಾದಾಡುವ ದಳವನ್ನು ಕಳುಹಿಸಲೊಲ್ಲದೆ ಈ ತಂಡವನ್ನು ಕಳುಹಿಸಿತು. ಅದರ ಮುಖಂಡರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್, ಮದರಾಸಿನಲ್ಲಿ ಓದಿದ ವೈದ್ಯರು.

ಆ ವರ್ಷದ ಡಿಸೆಂಬರ್. ಚೀನೀ ಸೈನ್ಯ ನುಗ್ಗಿ ಬರುತ್ತಿದ್ದಂತೆ ವಿಶ್ವಸಂಸ್ಥೆಯ ಪಡೆಗಳು ಪ್ಯೋಂಗ್‌ಯಾಂಗ್ ನಗರವನ್ನು ತೆರವು ಮಾಡತೊಡಗಿದವು. ನಮ್ಮವರಿಗೆ ಸಾಕಷ್ಟು ವಾಹನಗಳಿಲ್ಲ. ಸಲಕರಣೆಗಳನ್ನು ಬಿಟ್ಟು ಹೊರಟರೆ ಜೀವ ಉಳಿದೀತು, ಆದರೆ ಶಸ್ತ್ರವಿಲ್ಲದ ಶಸ್ತ್ರವೈದ್ಯನಿಂದ ಯಾರಿಗೇನು ಪ್ರಯೋಜನ? ನಿಲ್ದಾಣದಲ್ಲಿ ಅನಾಥವಾಗಿ ನಿಂತಿದ್ದ ಒಂದು ಉಗಿಬಂಡಿ ಇವರ ಕಣ್ಣಿಗೆ ಬಿದ್ದಿತು. ಜವಾನರು ಸಾಲಾಗಿ ನಿಂತು, ಕೈಯಿಂದ ಕೈಗೆ ನೀರು ದಾಟಿಸಿ ಅದರ ಹೊಟ್ಟೆ ತುಂಬಿಸಿದರು. ಎಂಜಿನ್ನಿನ ಮರ್ಮ ಅಷ್ಟಿಷ್ಟು ಬಲ್ಲವರು ತಂಡದಲ್ಲೇ ಇದ್ದರು. ಇಡೀ ಆಸ್ಪತ್ರೆ ರೈಲೇರಿ ದಕ್ಷಿಣಕ್ಕೆ ಸಾಗಿತು. ವೈದ್ಯಕೀಯ ಗ್ರಂಥಗಳಲ್ಲಿ ಈ ವಿದ್ಯೆಗೆ ಅಧ್ಯಾಯವಿರಲಾರದು!

1951ರ ಮಾರ್ಚ್ 23ರಂದು ಅಮೆರಿಕದ ಛತ್ರಿಪಡೆ ಮುನ್‌ಸಾನಿನ ಬಳಿ ಧುಮುಕಿದಾಗ ರಂಗರಾಜರೂ ಸೇರಿ ನಮ್ಮ ಹನ್ನೆರಡು ಮಂದಿ ಜೊತೆಗೆ ಧುಮುಕಿದರು. ಇತ್ತ ತಂಡದ ಇನ್ನೊಂದು ಭಾಗ ತೇಗುವಿನಲ್ಲಿ ಅಲ್ಲಿನ ಜನರಿಗೂ ಚಿಕಿತ್ಸೆ ನೀಡುತ್ತಿತ್ತು. ರಂಗರಾಜರಿಗೆ ಮಹಾವೀರ ಚಕ್ರ ಸಂದಿತು.

1953ರಲ್ಲಿ ಕದನ ನಿಂತಿತು. ಊರಿಗೆ ಮರಳಲೊಪ್ಪದ ಯುದ್ಧಕೈದಿಗಳ ವಿಚಾರಣೆಗೆ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರು. ಕೈದಿಗಳನ್ನು ಕಾಯಲು ಬಂದ ಭಾರತೀಯ ಪಡೆಯೊಡನೆ ಈ ತಂಡವೂ ಸೇರಿಕೊಂಡಿತು. ಮೂರು ವರ್ಷಗಳ ಹಿಂದೆ ಯಾರ ಸೈನ್ಯಕ್ಕೆ ಬೆದರಿ ಪ್ಯೋಂಗ್‌ಯಾಂಗನ್ನು ಬಿಡಬೇಕಾಗಿತ್ತೋ, ಅದೇ ಸೈನ್ಯದವರು ಈಗ ಇವರ ಮುಂದೆ ನಾಡಿ ಹಿಡಿಯಲು ಕೈ ಚಾಚಿ ಕುಳಿತರು.