ಆಸ್ಪತ್ರೆ ಕೌಂಟರಿನ ಕಂಪ್ಯೂಟರ್ ಕೆಲಸ: ಟೈಪಿಂಗ್ ಬಂದ್ರೆ ಸಾಲದು, ಇದಿಷ್ಟು ಗೊತ್ತಿರ್ಬೇಕು

ಜಾವಗಲ್: ಹೋಬಳಿಯ ಊರುಗಳಿಂದ ಹುಷಾರಿಲ್ಲ ಅಂತ ಹೊರಟವರು ಹತ್ತಿರದ ಆಸ್ಪತ್ರೆಯಲ್ಲಿ ಆಗದಿದ್ದರೆ ಅರಸೀಕೆರೆಗೆ, ಅಲ್ಲೂ ಆಗದಿದ್ದರೆ ಹಾಸನದ ಹಿಮ್ಸ್‌ಗೆ ಹೋಗ್ತಾರೆ. ಎಲ್ಲೇ ಹೋದರೂ ಡಾಕ್ಟರನ್ನು ನೋಡುವ ಮೊದಲು ನೋಡಬೇಕಾದವರು ಒಬ್ಬರಿದ್ದಾರೆ. ಕೌಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು. ಹೆಸರು, ವಯಸ್ಸು, ಊರು, ಆಧಾರ್, ರೇಷನ್ ಕಾರ್ಡ್ ಎಲ್ಲ ಕೇಳಿ ಚೀಟಿ ಕೊಡುವವರು ಅವರೇ.

ಪಿಯುಸಿ, ಡಿಗ್ರಿ ಮುಗಿಸಿದ ನಮ್ಮ ಕಡೆಯ ಹುಡುಗ, ಹುಡುಗಿಯರು ಈ ಕೆಲಸವನ್ನು ಹುಡುಕುವುದು ಸಹಜ. ಊರಿಗೆ ಹತ್ತಿರ, ನೆರಳಿನ ಕೆಲಸ. ಆದರೆ ಬಹಳ ಜನ ಬೇಸಿಕ್, ಟ್ಯಾಲಿ, ಡಿಟಿಪಿ ಮುಗಿಸಿ ಸರ್ಟಿಫಿಕೇಟ್ ಹಿಡಿದು ಹೋದ ಮೇಲೆ ಗೊತ್ತಾಗುತ್ತೆ, ಆಸ್ಪತ್ರೆಯ ಕಂಪ್ಯೂಟರ್ ಕೆಲಸವೇ ಬೇರೆ ಅಂತ. ಅಲ್ಲಿ ಬೆರಳಿನ ವೇಗಕ್ಕಿಂತ ಕಿವಿಯ ಎಚ್ಚರ ಮುಖ್ಯ. ಯಾಕೆಂದರೆ ಅಲ್ಲಿ ತಪ್ಪು ಹೊಡೆದ ಒಂದು ಅಕ್ಷರದ ಬೆಲೆ ಕಟ್ಟುವವರು ರೋಗಿಗಳು.

ಕೆಲಸ ಅಂದ್ರೆ ಏನೇನು?

ಚೀಟಿ ಬರೆಯುವುದು ಮೊದಲ ಮೆಟ್ಟಿಲು ಅಷ್ಟೇ. ಹೊರರೋಗಿ ನೋಂದಣಿ, ಹಳೇ ರೋಗಿಯಾದರೆ ಹಳೇ ನಂಬರ್ ಹುಡುಕುವುದು, ಲ್ಯಾಬ್ ಮತ್ತು ಎಕ್ಸ್‌ರೇಗೆ ಕಳಿಸುವುದು, ಒಳರೋಗಿ ದಾಖಲಾತಿ, ಹಾಸಿಗೆ ಸಂಖ್ಯೆ, ಬಿಲ್, ಯೋಜನೆಯಡಿ ಚಿಕಿತ್ಸೆಗೆ ಮುಂಗಡ ಅನುಮತಿ ಕೇಳುವುದು, ಡಿಸ್ಚಾರ್ಜ್ ಸಾರಾಂಶ ಟೈಪ್ ಮಾಡುವುದು, ಕೇಸ್‌ಶೀಟನ್ನು ದಾಖಲೆ ಕೊಠಡಿಗೆ ಸೇರಿಸುವುದು, ಹುಟ್ಟು ಸಾವಿನ ವರದಿ ಕಳಿಸುವುದು, ತಿಂಗಳ ಕೊನೆಗೆ ಲೆಕ್ಕ ಕೊಡುವುದು. ದೊಡ್ಡ ಆಸ್ಪತ್ರೆಯಲ್ಲಿ ಒಂದೊಂದಕ್ಕೆ ಒಬ್ಬೊಬ್ಬರು ಇರ್ತಾರೆ. ಸಣ್ಣ ಆಸ್ಪತ್ರೆ, ನರ್ಸಿಂಗ್ ಹೋಂನಲ್ಲಿ ಇದರಲ್ಲಿ ಮುಕ್ಕಾಲು ಪಾಲು ಒಬ್ಬರ ತಲೆ ಮೇಲೇ ಬರುತ್ತೆ.

ಎಲ್ಲಕ್ಕಿಂತ ಕಷ್ಟದ ಕೆಲಸ: ಹೆಸರು ಬರೆಯುವುದು

ನಗಬೇಡಿ. ನಮ್ಮ ಹೋಬಳಿಯಲ್ಲಿ ಒಂದು ದಿನದ ಸಾಲಿನಲ್ಲಿ ನಾಲ್ಕು ಜನ ಲಕ್ಷ್ಮಮ್ಮ, ಮೂರು ಜನ ರಂಗಪ್ಪ ನಿಂತಿರಬಹುದು. ಗಂಡನ ಹೆಸರು, ಊರು, ಮೊಬೈಲ್ ನಂಬರ್ ಮೂರನ್ನೂ ಕೇಳದೆ ಹಳೇ ದಾಖಲೆ ತೆಗೆದರೆ ಒಬ್ಬರ ಸಕ್ಕರೆ ಕಾಯಿಲೆ ಇನ್ನೊಬ್ಬರ ಹೆಸರಿಗೆ ಹೋಗುತ್ತೆ.

ಇನ್ನೊಂದು ತೊಡಕು ಇಂಗ್ಲಿಷ್ ಕಾಗುಣಿತದ್ದು. ಲಕ್ಷ್ಮಮ್ಮ ಅನ್ನೋ ಹೆಸರನ್ನು ಒಬ್ಬರು 'ಕೆ ಎಸ್ ಎಚ್' ಹಾಕಿ ಬರೀತಾರೆ, ಇನ್ನೊಬ್ಬರು 'ಎಕ್ಸ್' ಹಾಕ್ತಾರೆ. ಗೌಡ ಅನ್ನೋದನ್ನು ಕೆಲವರು ಹೆಸರಿಗೆ ಅಂಟಿಸ್ತಾರೆ, ಕೆಲವರು ಬಿಡಿಸ್ತಾರೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮನೆಯಲ್ಲಿ ಕರೆಯುವ ಹೆಸರೇ ಬೇರೆ, ಕಾರ್ಡಿನಲ್ಲಿ ಇರುವುದೇ ಬೇರೆ. ಆದ್ದರಿಂದ ಬಾಯಲ್ಲಿ ಹೇಳಿದ್ದನ್ನು ಕೇಳಿ ಟೈಪ್ ಮಾಡಬಾರದು. ಕಾರ್ಡ್ ಇಸ್ಕೊಂಡು, ಅದರಲ್ಲಿ ಇದ್ದ ಹಾಗೆಯೇ ಅಕ್ಷರಕ್ಕೆ ಅಕ್ಷರ ಹೊಡೆಯಬೇಕು. ಆಮೇಲೆ ರೋಗಿಗೆ ಓದಿ ಹೇಳಬೇಕು. 'ಅಮ್ಮಾ, ಸರಿ ಇದ್ಯಾ ನೋಡಿ' ಅಂತ ಕೇಳೋಕೆ ಹತ್ತು ಸೆಕೆಂಡ್ ಸಾಕು.

ಆ ಹತ್ತು ಸೆಕೆಂಡ್ ಉಳಿಸಲು ಹೋದರೆ ಏನಾಗುತ್ತೆ? ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನೇ ನೋಡಿ. 2018ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಆಸ್ಪತ್ರೆ ಕಡೆಯಿಂದ ಅನುಮತಿ ಕೋರಿಕೆ ಹೋಗಬೇಕು, ಚಿಕಿತ್ಸೆಯ ಬಳಿಕ ಕ್ಲೇಮ್ ಹೋಗಬೇಕು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನೋಡಿ ಒಪ್ಪಬೇಕು. ಕಾರ್ಡಿನಲ್ಲಿ ಒಂದು ಹೆಸರು, ಕೇಸ್‌ಶೀಟಿನಲ್ಲಿ ಇನ್ನೊಂದು, ಸ್ಕ್ಯಾನಿಂಗ್ ವರದಿಯಲ್ಲಿ ಮತ್ತೊಂದು ಇದ್ದರೆ ಪ್ರಶ್ನೆ ಹಾಕಿ ವಾಪಸ್ ಕಳಿಸ್ತಾರೆ. ಆಪರೇಷನ್ನಿಗೆ ಕಾಯುತ್ತಾ ವಾರ್ಡಿನಲ್ಲಿ ಮಲಗಿದವರಿಗೆ ಒಂದು ದಿನ ತಡ ಅಂದ್ರೆ ಜೊತೆಗೆ ಬಂದವರ ಒಂದು ದಿನದ ಕೂಲಿಯೂ ಹೋದಂತೆ.

ಗೊತ್ತಿರಬೇಕಾದ ತಂತ್ರಾಂಶಗಳು

ಸರ್ಕಾರಿ ಆಸ್ಪತ್ರೆಗಳಲ್ಲಿ ಎನ್‌ಐಸಿ ರೂಪಿಸಿದ ಇ-ಹಾಸ್ಪಿಟಲ್ ಬಳಕೆಯಲ್ಲಿದೆ. ನೋಂದಣಿಯಿಂದ ಡಿಸ್ಚಾರ್ಜ್‌ವರೆಗೆ ಅದರಲ್ಲೇ ನಡೆಯುತ್ತೆ. ಖಾಸಗಿಯವರು ತಮ್ಮದೇ ಸಾಫ್ಟ್‌ವೇರ್ ಇಟ್ಟುಕೊಂಡಿರ್ತಾರೆ. ಪರದೆ ಬೇರೆ, ಕೇಳುವ ಮಾಹಿತಿ ಹೆಚ್ಚುಕಮ್ಮಿ ಒಂದೇ.

2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ ಪ್ರತಿಯೊಬ್ಬರಿಗೂ 14 ಅಂಕಿಯ ಆಭಾ ಸಂಖ್ಯೆ ಸಿಗುತ್ತೆ. ಆಸ್ಪತ್ರೆ ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ರೋಗಿಯ ವಿವರ ನೇರವಾಗಿ ಕೌಂಟರಿಗೆ ಬಂದು ಟೋಕನ್ ಸಿಗುವ ವ್ಯವಸ್ಥೆಯೂ ಇದೆ. ಇಲ್ಲಿ ಒಂದು ಗೊಂದಲ ತಿಳಿಯಾಗಲಿ: ಆಭಾ ಸಂಖ್ಯೆ ಬೇರೆ, ಚಿಕಿತ್ಸಾ ವೆಚ್ಚದ ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ದಾಖಲೆ ಜೋಡಿಸಲು, ಅದರಿಂದ ದುಡ್ಡು ಸಿಗಲ್ಲ. ಇದನ್ನು ದಿನಕ್ಕೆ ಹತ್ತು ಸಲ ರೋಗಿಗಳಿಗೆ ಬಿಡಿಸಿ ಹೇಳುವುದೂ ಕೌಂಟರಿನವರ ಕೆಲಸವೇ.

ಹುಟ್ಟು ಸಾವಿಗೆ ಇ-ಜನ್ಮ. ಜನನ, ಮರಣ ಯಾವುದೇ ಆದರೂ 21 ದಿನದೊಳಗೆ ವರದಿಯಾಗಬೇಕು. ತಡವಾದರೆ ಶುಲ್ಕ, ಇನ್ನೂ ತಡವಾದರೆ ಅಧಿಕಾರಿಗಳ ಅನುಮತಿ ಅಂತ ಅಲೆಯಬೇಕಾಗುತ್ತೆ. ಇಲ್ಲಿ ತಂದೆ, ತಾಯಿಯ ಹೆಸರು ತಪ್ಪಿದರೆ ಆ ಮಗು ಶಾಲೆಗೆ ಸೇರುವ ದಿನದವರೆಗೂ ಅದು ಬೆನ್ನು ಬಿಡಲ್ಲ.

ಕ್ಷಯ ರೋಗಿಗಳಿಗೆ ನಿಕ್ಷಯ್ ಪೋರ್ಟಲ್ ಇದೆ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆ ಕೊಡುವ ಹಣ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಅದು ನೇರ ಖಾತೆಗೆ ಬರೋದು. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಬರಲ್ಲ.

ಇವುಗಳಲ್ಲಿ ಬಹುತೇಕ ತಂತ್ರಾಂಶಗಳ ಲಾಗಿನ್ ಆಸ್ಪತ್ರೆ ಸಿಬ್ಬಂದಿಗೆ ಮಾತ್ರ. ಹೊರಗೆ ಕೂತು ಕಲಿಯೋಕಾಗಲ್ಲ. ಹಂಗಾದ್ರೆ ಕಲಿಯೋದು ಏನು? ಅಡಿಪಾಯ. ಅದು ಗಟ್ಟಿ ಇದ್ದರೆ ಯಾವ ಪೋರ್ಟಲ್ ಆದರೂ ಒಂದೆರಡು ವಾರದಲ್ಲಿ ಕೈಗೆ ಹತ್ತುತ್ತೆ.

ಕಲಿಯುವ ಕ್ರಮ

*1. ಎರಡೂ ಭಾಷೆಯ ಟೈಪಿಂಗ್.* ಇಂಗ್ಲಿಷ್ ಜೊತೆಗೆ ಕನ್ನಡವೂ ಬೇಕು. ರಾಜ್ಯ ಸರ್ಕಾರಿ ಕಚೇರಿಗಳಲ್ಲಿ ನುಡಿ ತಂತ್ರಾಂಶ, ಕೆ.ಪಿ. ರಾವ್ ವಿನ್ಯಾಸ ಆಧರಿಸಿದ ಕೀಲಿಮಣೆ ರೂಢಿಯಲ್ಲಿವೆ. ನುಡಿಯ ಹಳೇ ಫಾಂಟಿನಲ್ಲಿ ಹೊಡೆದದ್ದನ್ನು ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪೋರ್ಟಲ್‌ಗಳಿಗೆ ಯೂನಿಕೋಡ್ ಬೇಕು. ಎರಡರ ವ್ಯತ್ಯಾಸ ಮೊದಲ ವಾರವೇ ತಿಳಿದುಕೊಳ್ಳಿ.

*2. ಎಕ್ಸೆಲ್.* ಇಲ್ಲಿ ಮೂರು ಹೊಂಡಗಳಿವೆ. ಮೊದಲನೆಯದು ದಿನಾಂಕ. 03/04/2025 ಅಂದರೆ ನಮಗೆ ಏಪ್ರಿಲ್ 3. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ಮಾರ್ಚ್ 4. ಗರ್ಭಿಣಿಯ ಹೆರಿಗೆ ದಿನಾಂಕ, ಮಗುವಿನ ಲಸಿಕೆ ದಿನಾಂಕದಲ್ಲಿ ಈ ಅದಲುಬದಲು ಆಟವಲ್ಲ. ಎರಡನೆಯದು ಉದ್ದದ ಸಂಖ್ಯೆ. 12 ಅಂಕಿಯ ಆಧಾರ್, 14 ಅಂಕಿಯ ಆಭಾ ಹೊಡೆದರೆ ಎಕ್ಸೆಲ್ ಅದನ್ನು ಚಿಕ್ಕದು ಮಾಡಿ ವಿಚಿತ್ರವಾಗಿ ತೋರಿಸುತ್ತೆ. 15 ಅಂಕಿ ಮೀರಿದ ಖಾತೆ ಸಂಖ್ಯೆಯಾದರೆ ಕೊನೆಯ ಅಂಕಿಗಳು ಸೊನ್ನೆಯಾಗಿಬಿಡುತ್ತವೆ. ಮೂರನೆಯದು, ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯ ಮೊದಲ ಸೊನ್ನೆ ಮಾಯವಾಗುತ್ತೆ. ಸಂಖ್ಯೆಯ ಹೊಂಡಗಳಿಗೆ ಮದ್ದು ಒಂದೇ: ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಅಂತ ಬದಲಿಸಿ. ಗ್ರಾಮೀಣ ಭಾಗದ ಬಿಪಿಎಲ್ ತಾಯಂದಿರಿಗೆ ಆಸ್ಪತ್ರೆ ಹೆರಿಗೆಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಸಿಗುವ 700 ರೂಪಾಯಿ ಕೂಡ ಇಂಥ ಪಟ್ಟಿಯ ಮೇಲೇ ನಿಂತಿದೆ. ಇದರ ಜೊತೆ ವಿಂಗಡಣೆ, ಫಿಲ್ಟರ್, ಒಂದೇ ಹೆಸರು ಎರಡು ಸಲ ಬಂದಿದ್ದರೆ ಪತ್ತೆ ಹಚ್ಚುವುದು, ಪಿವೋಟ್ ಟೇಬಲ್ ಇಷ್ಟು ಬಂದರೆ ತಿಂಗಳ ವರದಿ ಅರ್ಧ ದಿನದ ಕೆಲಸ.

*3. ಸ್ಕ್ಯಾನ್ ಮತ್ತು ಪಿಡಿಎಫ್.* ದಾಖಲೆ ನೆಟ್ಟಗೆ ಸ್ಕ್ಯಾನ್ ಮಾಡುವುದು, ಪುಟ ಜೋಡಿಸುವುದು, ಪೋರ್ಟಲ್ ಕೇಳಿದ ಗಾತ್ರಕ್ಕೆ ಇಳಿಸುವುದು, ಇಳಿಸಿದ ಮೇಲೂ ಅಕ್ಷರ ಓದಲು ಬರುತ್ತಾ ಅಂತ ನೋಡುವುದು. ಕಡತಕ್ಕೆ 'ಸ್ಕ್ಯಾನ್ 1, ಸ್ಕ್ಯಾನ್ 2' ಅಂತ ಬಿಟ್ಟರೆ ನಾಳೆ ಹುಡುಕೋರು ಯಾರು? ರೋಗಿಯ ಸಂಖ್ಯೆ ಮತ್ತು ದಿನಾಂಕ ಹಾಕಿ ಉಳಿಸಿ.

*4. ವೈದ್ಯಕೀಯ ಪದ.* ಡಾಕ್ಟರ ಕೈಬರಹದಲ್ಲಿ ಓಡಿ ಅಂದರೆ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ. ಎಎನ್‌ಸಿ ಅಂದರೆ ಗರ್ಭಿಣಿ ತಪಾಸಣೆ. ಕಾಯಿಲೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಸಂಕೇತಗಳಿವೆ. ಐಸಿಡಿ-10ರಲ್ಲಿ ಐ10 ಅಂದರೆ ರಕ್ತದೊತ್ತಡ, ಇ11 ಅಂದರೆ ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಎರಡನೇ ಬಗೆಯ ಮಧುಮೇಹ. ಎಲ್ಲ ಬಾಯಿಪಾಠ ಬೇಡ, ಹುಡುಕುವ ಕ್ರಮ ಗೊತ್ತಿದ್ದರೆ ಆಯ್ತು. ಒಂದು ಮಾತು ನೆನಪಿರಲಿ: ಬರಹ ಅರ್ಥವಾಗದಿದ್ದರೆ ಊಹಿಸಿ ಟೈಪ್ ಮಾಡಬೇಡಿ. ಎದ್ದು ಹೋಗಿ ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ. ಬೈದರೂ ಪರವಾಗಿಲ್ಲ.

*5. ಕರೆಂಟ್ ಹೋದಾಗ.* ಸರ್ವರ್ ಇಲ್ಲ ಅಂತ ರೋಗಿಯನ್ನು ವಾಪಸ್ ಕಳಿಸುವಂತಿಲ್ಲ. ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಹಾಕಿ ಬರೆದು, ನೆಟ್‌ವರ್ಕ್ ಬಂದ ಮೇಲೆ ಅದೇ ದಿನ ಏರಿಸಬೇಕು. ಆದ್ದರಿಂದ ಕೈಬರಹವೂ ಚೆನ್ನಾಗಿರಲಿ.

ಬಾಯಿ ಬಿಗಿ ಇರಬೇಕು

ಊರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವ ಜಾಗ ನಮ್ಮದು. ಕೌಂಟರಿನಲ್ಲಿ ಕೂತವರ ಮುಂದೆ ಪಕ್ಕದ ಮನೆಯವರೇ ಬಂದು ನಿಲ್ತಾರೆ. ಯಾರಿಗೆ ಯಾವ ಕಾಯಿಲೆ, ಯಾರ ಮನೆಯ ಹುಡುಗಿ ಯಾವ ಪರೀಕ್ಷೆಗೆ ಬಂದಿದ್ದಳು ಅನ್ನೋದು ಟೀ ಅಂಗಡಿಗೆ ಹೋಗಬಾರದು. ಎಚ್‌ಐವಿ ಸ್ಥಿತಿಯನ್ನು ಗುಟ್ಟಾಗಿಡುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಕಡ್ಡಾಯ. ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ರಿಪೋರ್ಟಿನ ಫೋಟೋ ತೆಗೆದು ವಾಟ್ಸ್ಆಪ್ ಗುಂಪಿಗೆ ಹಾಕುವುದು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವುದು, ಊಟಕ್ಕೆ ಹೋಗುವಾಗ ಲಾಗಿನ್ ತೆರೆದೇ ಬಿಡುವುದು ಬೇಡವೇ ಬೇಡ. ನಿಮ್ಮ ಲಾಗಿನ್‌ನಲ್ಲಿ ಬೇರೆಯವರು ಮಾಡಿದ ತಪ್ಪು ಕೂಡ ನಿಮ್ಮ ಹೆಸರಿಗೇ ಬರೋದು.

ಎಲ್ಲಿ ಕಲಿಯೋದು?

ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಗಳಲ್ಲಿ 'ಕೋಪಾ' ಅನ್ನುವ ಒಂದು ವರ್ಷದ ಕಂಪ್ಯೂಟರ್ ಆಪರೇಟರ್ ಕೋರ್ಸ್ ಇದೆ. ಕೇಂದ್ರ ಸರ್ಕಾರದ ನೀಲಿಟ್ ಸಂಸ್ಥೆಯ ಸಿಸಿಸಿ 80 ಗಂಟೆಗಳ ಕೋರ್ಸ್. ಕಿಯೋನಿಕ್ಸ್ ತರಬೇತಿ ಕೇಂದ್ರಗಳೂ ಇವೆ. ದಾಖಲೆ ವಿಭಾಗದಲ್ಲೇ ಮುಂದುವರಿಯಬೇಕು ಅನ್ನುವವರಿಗೆ ರಾಜ್ಯ ಅರೆವೈದ್ಯಕೀಯ ಮಂಡಳಿಯ ವೈದ್ಯಕೀಯ ದಾಖಲೆ ತಂತ್ರಜ್ಞಾನ ಡಿಪ್ಲೊಮಾ ಇದೆ. ಸರ್ಕಾರದ ಉಚಿತ ತರಬೇತಿಗಳ ವಿವರ ಹಾಸನದ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳಬಹುದು.

ಸೇರುವ ಮೊದಲು ಎರಡು ಪ್ರಶ್ನೆ ಕೇಳಿ. ಸರ್ಟಿಫಿಕೇಟ್ ಕೊಡುವುದು ಯಾವ ಮಂಡಳಿ? ಆಸ್ಪತ್ರೆಯಲ್ಲಿ ಕೂತು ಕಲಿಯುವ ಅವಕಾಶ ಇದ್ಯಾ? 'ಆಸ್ಪತ್ರೆ ಕೆಲಸ ಗ್ಯಾರಂಟಿ' ಅಂತ ಮೊದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ಸರ್ಕಾರಿ ಆಸ್ಪತ್ರೆಗಳ ಡಾಟಾ ಎಂಟ್ರಿ ಹುದ್ದೆಗಳು ಬಹುಪಾಲು ಹೊರಗುತ್ತಿಗೆಯವು. ಸಂಬಳ ಕಮ್ಮಿ, ಕೆಲವೊಮ್ಮೆ ತಡ. ಸೇರುವಾಗ ಪಿಎಫ್, ಇಎಸ್‌ಐ ಕಟ್ಟುತ್ತಾರಾ ಅಂತ ಬಾಯಿಬಿಟ್ಟು ಕೇಳಿ.

ಮನೆಯಲ್ಲೇ ಅಭ್ಯಾಸಕ್ಕೆ ಒಂದು ದಾರಿ: ಐವತ್ತು ಕಾಲ್ಪನಿಕ ರೋಗಿಗಳ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಹುಟ್ಟಿದ ದಿನ, ಕಾಯಿಲೆ ಬರೆದುಕೊಂಡು ಎಕ್ಸೆಲ್‌ಗೆ ಏರಿಸಿ. ಒಬ್ಬರು ಓದಿ ಹೇಳಲಿ, ನೀವು ಟೈಪ್ ಮಾಡಿ. ಆಮೇಲೆ ತಾಳೆ ನೋಡಿ. ಐವತ್ತಕ್ಕೆ ಒಂದೂ ತಪ್ಪಿಲ್ಲದ ದಿನ ವೇಗದ ಬಗ್ಗೆ ಯೋಚಿಸಿ.

ರೋಗಿಗಳೂ ಗಮನಿಸಿ

ಚೀಟಿ ಕೈಗೆ ಬಂದ ತಕ್ಷಣ ಹೆಸರು, ವಯಸ್ಸು ಆಧಾರ್ ಜೊತೆ ತಾಳೆ ನೋಡಿ. ಓದಲು ಬಾರದಿದ್ದರೆ ಜೊತೆಯವರ ಹತ್ತಿರ ಓದಿಸಿ. ಆಗಲೇ ಹೇಳಿದರೆ ಒಂದು ನಿಮಿಷದಲ್ಲಿ ಸರಿಯಾಗುತ್ತೆ. ಡಿಸ್ಚಾರ್ಜ್ ಸಾರಾಂಶ ಬಿಟ್ಟು ಬರಬೇಡಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಒಳರೋಗಿ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೇಳುವುದು ನಿಮ್ಮ ಹಕ್ಕು, ಹುಡುಕಿ ಕೊಡುವಂತೆ ಇಟ್ಟಿರುವುದು ಕೌಂಟರಿನ ಹಿಂದಿರುವವರ ಹೊಣೆ.