ಗಡಿಸೀಮೆಯಲ್ಲಿ ದೇವಾಲಯ ನೃತ್ಯದ ನಿಷೇಧ

ವೇದಾವತೀ ತೀರದ ಪರಶುರಾಂಪುರವು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅದಕ್ಕೆ ಸಮೀಪದ ರಾಯದುರ್ಗವಾದರೋ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ನದಿಯೊಂದೇ, ಆಳ್ವಿಕೆ ಎರಡು. ಆದಕಾರಣ ದೇವಾಲಯ ನೃತ್ಯದ ಚರಿತ್ರೆಯೂ ಈ ಸೀಮೆಯಲ್ಲಿ ಎರಡು ದಾರಿಗಳನ್ನು ಹಿಡಿಯಿತು. ಅದರ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ದೇವದಾಸಿಯರ ನರ್ತನವು ಕೇವಲ ಕಲೆಯಾಗಿರದೆ ದೇವಾಲಯದ ಒಂದು ವೃತ್ತಿಯೂ ಆಗಿತ್ತೆಂಬುದನ್ನು ಮೊದಲು ನೆನೆಯಬೇಕು. ಆರತಿ, ಉತ್ಸವ, ಮೆರವಣಿಗೆಗಳ ಸೇವೆಗೆ ಪ್ರತಿಯಾಗಿ ಇನಾಮು ಭೂಮಿಯೋ ದವಸವೋ ದೊರೆಯುತ್ತಿತ್ತು. ವೃತ್ತಿ ತಪ್ಪಿದಲ್ಲಿ ಜೀವನಾಧಾರದೊಡನೆ ಕಲೆಯ ನೆಲೆಯೂ ತಪ್ಪುತ್ತಿತ್ತು.

1893ರಲ್ಲಿ ಮದರಾಸಿನ ಸಮಾಜಸುಧಾರಕರು, ನರ್ತಕಿಯರ ಕಾರ್ಯಕ್ರಮಗಳಿಗೆ ಹೋಗಬಾರದೆಂದು ವೈಸರಾಯರಿಗೂ ಗವರ್ನರರಿಗೂ ಬಿನ್ನವಿಸಿದರು. ಇಬ್ಬರೂ ಒಪ್ಪಲಿಲ್ಲ. ಮೈಸೂರು ಸರ್ಕಾರವಾದರೋ 1909ರಲ್ಲಿ ಮುಜರಾಯಿ ದೇವಾಲಯಗಳಿಂದ ದೇವದಾಸಿ ಸೇವೆಯನ್ನೇ ತೆಗೆದುಹಾಕಿತು. ಮದರಾಸು ಆಧಿಪತ್ಯದಲ್ಲಿ 1929ರ ತಿದ್ದುಪಡಿಯು ಇನಾಮುಗಳನ್ನು ಸೇವಾಬಂಧನದಿಂದ ಬಿಡಿಸಿತು. ಸಮರ್ಪಣೆಯ ನಿಷೇಧಕ್ಕೆ 1947ರವರೆಗೆ ಕಾಯಬೇಕಾಯಿತು. ಹೀಗೆ ಗಡಿಯ ಈಚೆಗೂ ಆಚೆಗೂ ಸುಮಾರು ನಾಲ್ಕು ದಶಕಗಳ ಅಂತರವುಂಟಾಯಿತು.

ಈ ಎರಡು ಕ್ರಮಗಳ ಭೇದವು ಗಮನಾರ್ಹವಾಗಿದೆ. ಮೈಸೂರಿನ ಆಜ್ಞೆಯು ಗುಡಿಯೊಳಗಿನ ಸೇವೆಯನ್ನು ನಿಲ್ಲಿಸಿತು. ಮದರಾಸಿನ ಶಾಸನವು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ಅಪರಾಧವೆಂದಿತು. ಸೇವೆ ನಿಂತ ಮಾತ್ರಕ್ಕೆ ಬಿಡುವ ಪದ್ಧತಿ ನಿಲ್ಲಲಿಲ್ಲ. ಆದುದರಿಂದಲೇ ಕರ್ನಾಟಕವು 1982ರಲ್ಲಿ ಪ್ರತ್ಯೇಕ ನಿಷೇಧ ಶಾಸನವನ್ನು ರಚಿಸಬೇಕಾಯಿತು.

ಕಲೆಯ ಗತಿ ಏನಾಯಿತು? ಮೈಸೂರಿನಲ್ಲಿ ಅದಕ್ಕೆ ಅರಮನೆ ಆಸರೆಯಾಯಿತು. ಜಟ್ಟಿ ತಾಯಮ್ಮನವರು (1857–1947) ಅಭಿನಯಪರಂಪರೆಯನ್ನು ಉಳಿಸಿದರು. ಅವರ ಶಿಷ್ಯೆ, 1906ರಲ್ಲಿ ಕಡೂರು ಸೀಮೆಯ ಲಂಬಾಣಿ ಕುಟುಂಬದಲ್ಲಿ ಜನಿಸಿದ ಕೆ. ವೆಂಕಟಲಕ್ಷಮ್ಮನವರು ಆಸ್ಥಾನ ವಿದುಷಿಯಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗಿ ಅದನ್ನು ಬೋಧಿಸಿದರು. ಅವರಿಗೆ 1992ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು.

ರಾಜಧಾನಿಯಿಂದ ದೂರವಾದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳ ಚಿಕ್ಕ ಗುಡಿಗಳಿಗೆ ಇಂತಹ ಆಸರೆ ಇರಲಿಲ್ಲ. ಅಲ್ಲಿನ ಕಾಡುಗೊಲ್ಲರ ಕೋಲಾಟವು ಇನಾಮನ್ನಾಗಲಿ ಸರ್ಕಾರದ ಆಜ್ಞೆಯನ್ನಾಗಲಿ ಅವಲಂಬಿಸದೆ, ಜಾತ್ರೆ ಹಬ್ಬಗಳೊಡನೆ ಬೆಳೆದುಬಂದಿತು. ಸುಧಾರಣೆಯು ನ್ಯಾಯವಾದುದೇ. ಆದರೆ ವೃತ್ತಿ ಕಳೆದುಕೊಂಡ ಸ್ತ್ರೀಯರ ವಿದ್ಯೆಗೆ ಬೇರೆ ನೆಲೆಯನ್ನು ಕಲ್ಪಿಸುವುದು ಅದರಷ್ಟೇ ಅಗತ್ಯವಾಗಿತ್ತೆಂದು ಈ ಚರಿತ್ರೆಯಿಂದ ನಾವು ಗ್ರಹಿಸಬಹುದು.