ಪುಡಿ ಇನ್‌ಹೇಲರ್: ನುಂಗುವುದಲ್ಲ, ಉಸಿರಿನಲ್ಲಿ ಎಳೆದುಕೊಳ್ಳುವುದು

ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ದಿನ ಪಶುವೈದ್ಯರನ್ನು ಕರೆಸುವ ನಮ್ಮ ಮಹಿಳಾ ಉತ್ಪಾದಕರು ತಮ್ಮ ಕೆಮ್ಮು, ದಮ್ಮನ್ನು ಮಾತ್ರ ತಿಂಗಳುಗಟ್ಟಲೆ ಸಹಿಸಿಕೊಳ್ಳುತ್ತಾರೆ. ಒಣಹುಲ್ಲು ಕತ್ತರಿಸುವಾಗ ಏಳುವ ದೂಳು, ಹಳೆಯ ಬಣವೆಯ ಬೂಷ್ಟು, ಪಶು ಆಹಾರದ ಚೀಲ ಸುರಿಯುವಾಗಿನ ಪುಡಿ, ಸೌದೆ-ಬೆರಣಿ ಒಲೆಯ ಹೊಗೆ ಇವೆಲ್ಲ ದಿನವೂ ನಮ್ಮ ಶ್ವಾಸಕೋಶ ಸೇರುತ್ತವೆ. ಅಸ್ತಮಾ ಇದ್ದವರಿಗೆ ಇದರಿಂದ ಉಬ್ಬಸ ಕೆರಳುತ್ತದೆ. ಬೀಡಿ, ಸಿಗರೇಟು ಮುಟ್ಟದ ಹೆಂಗಸರಿಗೂ ವರ್ಷಾನುಗಟ್ಟಲೆ ಒಲೆ ಹೊಗೆ ಕುಡಿದು ಸಿ.ಓ.ಪಿ.ಡಿ. ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು.

ಈ ಎರಡಕ್ಕೂ ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಇನ್‌ಹೇಲರ್. ನಮ್ಮಲ್ಲಿ ಬಹಳ ಜನರಿಗೆ ಸಿಗುವುದು ಕ್ಯಾಪ್ಸೂಲ್ ಹಾಕಿ ಬಳಸುವ ಪುಡಿ ಇನ್‌ಹೇಲರ್.

ಮಾತ್ರೆ ಏಕೆ ಬೇಡ?

ನುಂಗಿದ ಮಾತ್ರೆ ರಕ್ತದ ಮೂಲಕ ಮೈಯೆಲ್ಲ ಸುತ್ತಿ ಶ್ವಾಸಕೋಶ ತಲುಪಬೇಕು. ಇನ್‌ಹೇಲರ್ ಔಷಧ ನೇರವಾಗಿ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಮಿಲಿಗ್ರಾಂ ಬದಲು ಮೈಕ್ರೋಗ್ರಾಂ ಲೆಕ್ಕದ ಔಷಧ ಸಾಕು. 1 ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ. ಪ್ರಮಾಣ ಕಡಿಮೆ, ಅಡ್ಡಪರಿಣಾಮವೂ ಕಡಿಮೆ.

ಬಳಸುವ ಕ್ರಮ

1. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಒದ್ದೆ ಕೈಯಲ್ಲಿ ಕ್ಯಾಪ್ಸೂಲ್ ಮುಟ್ಟಿದರೆ ಪುಡಿ ಗಂಟು ಕಟ್ಟುತ್ತದೆ.
2. ಕ್ಯಾಪ್ಸೂಲನ್ನು ಸಾಧನದೊಳಗೆ ಹಾಕಿ. ರೋಟಾಹೇಲರ್ ಆದರೆ ಪಾರದರ್ಶಕ ತುದಿ ಕೆಳಗಿರಲಿ.
3. ಬುಡವನ್ನು ತಿರುಗಿಸಿ, ಕ್ಯಾಪ್ಸೂಲ್ ಬಿಚ್ಚಿಕೊಳ್ಳುತ್ತದೆ. ಕೆಲವು ಸಾಧನಗಳಲ್ಲಿ ಮುಚ್ಚಳ ಮುಚ್ಚಿದಾಗ ಅದು ಚುಚ್ಚಲ್ಪಡುತ್ತದೆ.
4. ನೆಟ್ಟಗೆ ಕುಳಿತು, ಸಾಧನವನ್ನು ಬಾಯಿಂದ ದೂರ ಹಿಡಿದು ಉಸಿರನ್ನು ಪೂರ್ತಿ ಹೊರಬಿಡಿ.
5. ತುಟಿಗಳಿಂದ ಬಿಗಿಯಾಗಿ ಹಿಡಿದು, ಬಾಯಿಯಿಂದ ಜೋರಾಗಿ, ಆಳವಾಗಿ ಉಸಿರೆಳೆಯಿರಿ.
6. ಸಾಧನವನ್ನು ತೆಗೆದು, ಹತ್ತರವರೆಗೆ ಎಣಿಸುತ್ತಾ ಉಸಿರು ಬಿಗಿಹಿಡಿಯಿರಿ. ನಂತರ ನಿಧಾನವಾಗಿ ಬಿಡಿ.
7. ಒಳಗೆ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ.
8. ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿ. ಸ್ಟೀರಾಯ್ಡ್ ಇರುವ ಔಷಧ ಬಾಯಲ್ಲಿ ಉಳಿದರೆ ಬಿಳಿ ಅಗ್ರ, ಗಂಟಲು ಕೆರೆತ ಬರಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕ್ಯಾಪ್ಸೂಲನ್ನು ಮಾತ್ರೆಯಂತೆ ನುಂಗಿಬಿಡುವುದು ಮೊದಲನೆಯದು. ನುಂಗಿದರೆ ಔಷಧ ಶ್ವಾಸಕೋಶ ಸೇರುವುದೇ ಇಲ್ಲ. ಎರಡನೆಯದು, ಮೆಲ್ಲಗೆ ಉಸಿರೆಳೆಯುವುದು. ಸ್ಪ್ರೇ ಇನ್‌ಹೇಲರಿನಲ್ಲಿ ಒತ್ತಿದಾಗ ಔಷಧ ತಾನೇ ಹೊರಬರುತ್ತದೆ, ಅದನ್ನು ನಿಧಾನವಾಗಿ ಎಳೆಯಬೇಕು. ಪುಡಿ ಇನ್‌ಹೇಲರಿನಲ್ಲಿ ಔಷಧವನ್ನು ಎಬ್ಬಿಸುವುದು ನಿಮ್ಮ ಉಸಿರಿನ ಬಲವೇ. ಮೂರನೆಯದು, ಸಾಧನದೊಳಗೆ ಊದುವುದು. ಬಾಯಿಯ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಬಚ್ಚಲು, ನೀರಿನ ತೊಟ್ಟಿಯ ಹತ್ತಿರ ಇದನ್ನು ಇಡಬೇಡಿ. ತೊಳೆಯಬಹುದಾದ ಸಾಧನವಾದರೆ, ಹಾಲಿನ ಕ್ಯಾನು ಒಣಗಿಸುವಂತೆ ಪೂರ್ತಿ ಒಣಗಿಸಿದ ಮೇಲೆಯೇ ಬಳಸಿ.

ಗುಣವಾಯಿತೆಂದು ನಿಲ್ಲಿಸಬೇಡಿ

ತಕ್ಷಣ ಉಸಿರು ಬಿಡಿಸುವ ಔಷಧ ಬೇರೆ, ಒಳಗಿನ ಊತ ಇಳಿಸಲು ದಿನವೂ ತೆಗೆದುಕೊಳ್ಳುವ ಔಷಧ ಬೇರೆ. ಯಾವುದು ಯಾವುದಕ್ಕೆ ಎಂದು ವೈದ್ಯರನ್ನು ಕೇಳಿ, ಡಬ್ಬಿಯ ಮೇಲೆ ಬರೆಸಿಕೊಳ್ಳಿ. ಅಸ್ತಮಾದಲ್ಲಿ ಊತ ಇಳಿಸುವ ಔಷಧ ಬಿಟ್ಟು, ಉಸಿರು ಬಿಡಿಸುವುದನ್ನಷ್ಟೇ ನಂಬಿಕೊಂಡಿರುವುದು ಅಪಾಯ. ನಾಲ್ಕು ದಿನ ಹಗುರವಾಯಿತೆಂದು ನಾವೇ ನಿಲ್ಲಿಸಿದರೆ, ಅರ್ಧಕ್ಕೇ ಚಿಕಿತ್ಸೆ ಬಿಟ್ಟ ಕೆಚ್ಚಲು ಬಾವಿನಂತೆ ತೊಂದರೆ ಮರುಕಳಿಸುತ್ತದೆ. ಬಸುರಿಯರೂ ಹೆದರಿ ಬಿಡಬಾರದು. ಹತೋಟಿ ತಪ್ಪಿದ ಅಸ್ತಮಾ ತಾಯಿಗೂ ಮಗುವಿಗೂ ಕೆಡುಕು. ವೈದ್ಯರಿಗೆ ತಿಳಿಸಿ ಮುಂದುವರಿಸಿ.

"ಇನ್‌ಹೇಲರ್ ಹಿಡಿದರೆ ಬಿಡಕ್ಕಾಗಲ್ಲ, ಅದು ಕೊನೆ ಔಷಧ" ಎಂಬ ಮಾತು ಊರಲ್ಲಿ ಇದೆ. ಇದು ಚಟ ಹಿಡಿಸುವ ವಸ್ತುವಲ್ಲ. ಮದುವೆಗೆ ಬಂದ ಮಗಳ ಕಾಯಿಲೆ ಹೊರಗೆ ಗೊತ್ತಾಗಬಾರದೆಂದು ಅವಳ ಇನ್‌ಹೇಲರನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವ ಮನೆಗಳಿವೆ. ಅಲ್ಲಿ ಪಣಕ್ಕಿರುವುದು ಅವಳ ಪ್ರಾಣ.

ದೂಳು ಕಡಿಮೆ ಮಾಡಿ

ಒಣಹುಲ್ಲಿಗೆ ಸ್ವಲ್ಪ ನೀರು ಚಿಮುಕಿಸಿ ಕತ್ತರಿಸಿ. ಗಾಳಿ ನಿಮ್ಮ ಬೆನ್ನಿನಿಂದ ಬೀಸುವಂತೆ ನಿಂತುಕೊಳ್ಳಿ, ಮೂಗು-ಬಾಯಿಗೆ ಮಾಸ್ಕ್ ಇರಲಿ. ಬೂಷ್ಟು ಹಿಡಿದ ಮೇವನ್ನು ಹಾಕಲೇಬೇಡಿ. ಅದರ ದೂಳು ನಿಮ್ಮ ಎದೆಗೆ ಕೆಡುಕು, ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ. ಸಗಣಿ ಇರುವ ಮನೆಗೆ ಗೋಬರ್ ಗ್ಯಾಸ್ ಒಲೆ ಒಳ್ಳೆಯ ದಾರಿ.

ತಡಮಾಡದೆ ಹೊರಡಬೇಕಾದಾಗ

ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ಔಷಧ ಎಳೆದರೂ ಉಸಿರು ಸಲೀಸಾಗದಿದ್ದರೆ 108ಕ್ಕೆ ಕರೆ ಮಾಡಿ. ಇಂಥ ಹೊತ್ತಿನಲ್ಲಿ ಪುಡಿ ಎಳೆಯುವಷ್ಟು ಬಲ ಇರದಿರಬಹುದು. ಆಗ ಬಳಸಲು ಸ್ಪೇಸರ್ ಜೊತೆಗಿನ ಸ್ಪ್ರೇ ಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ ಇನ್‌ಹೇಲರ್ ಜೊತೆಗಿರಲಿ, ವೈದ್ಯರ ಅಥವಾ ನರ್ಸಮ್ಮನ ಎದುರು ಒಮ್ಮೆ ಬಳಸಿ ತೋರಿಸಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.